ಗಿಡ್ಡ ಹಸು ಉಳಿಸಲು ಹೊರಟವರಿಗೆ: ಕೊಡಗಿನ ಊರೊಂದರಿಂದ ಸಮಗ್ರ ಮಾರ್ಗದರ್ಶಿ

ನಾಟಿ ಹಸು ಉಳಿಸಬೇಕು ಅಂತ ಮನಸ್ಸಾದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲ್ಲಿಂದಲೋ ಒಂದು ಹಸು ಕೊಂಡು ತಂದು ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಆಮೇಲೆ ಆ ಹಸು ಬೆದೆಗೆ ಬಂದಾಗ ಸುತ್ತಮುತ್ತ ಎಲ್ಲೂ ಹೋರಿ ಇರುವುದಿಲ್ಲ. ಜೆರ್ಸಿ ಅನ್ನುವ ವಿದೇಶಿ ತಳಿಯ ವೀರ್ಯದ ಇಂಜೆಕ್ಷನ್ ಕೊಡಿಸುತ್ತಾರೆ. ಅಲ್ಲಿಗೆ ತಳಿಯ ಕಥೆ ಮುಗಿಯಿತು. ನಾನೂ ಹೀಗೇ ಶುರು ಮಾಡಿದವನು. ಮಡಿಕೇರಿ ತಾಲ್ಲೂಕಿನ ಮೂಲೆಯಲ್ಲಿರುವ ನಮ್ಮ ಊರಿನ ಕೆಲವು ಮನೆಯವರು ಸೇರಿ, ತಪ್ಪು ಮಾಡುತ್ತಲೇ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದೇಸಿ ದನ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹಳ್ಳಿಕಾರ್, ಅಮೃತಮಹಲ್. ನಮ್ಮ ಪುಟ್ಟ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಆ ಗತ್ತು ಇಲ್ಲ. ಆದರೆ ಅದೂ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾದ ತಳಿಯೇ. ಕೊಡಗಿನಿಂದ ಉತ್ತರ ಕನ್ನಡದವರೆಗೆ ಘಟ್ಟದ ಉದ್ದಕ್ಕೂ ಇದೆ. ಜಡಿಮಳೆ, ಜಿಗಣೆ, ಇಳಿಜಾರು ಯಾವುದಕ್ಕೂ ಜಗ್ಗುವುದಿಲ್ಲ. ಅದಕ್ಕೆ ಪೆಟ್ಟು ಬಿದ್ದದ್ದು ರೋಗದಿಂದಲ್ಲ. ಟಿಲ್ಲರ್ ಬಂತು, ಎತ್ತು ಬೇಡವಾಯಿತು. ಎತ್ತು ಬೇಡವಾದ ಮೇಲೆ ಗಂಡು ಕರು ಯಾರಿಗೂ ಬೇಡವಾಯಿತು. ಆಮೇಲೆ ಗದ್ದೆ ಪಾಳು ಬಿತ್ತು, ಬಾಣೆ ಅನ್ನುವ ಸೊಪ್ಪು, ಮೇವಿನ ಜಾಗ ಕಾಫಿ ತೋಟವಾಯಿತು, ದನಕ್ಕೆ ಕಾಲಿಡಲು ಜಾಗವಿಲ್ಲದಂತಾಯಿತು. ಹಾಗಾಗಿ ಈ ಕೆಲಸ ಬರೀ ಹಸುವಿನದ್ದಲ್ಲ. ಹೋರಿ ಮತ್ತು ನೆಲ, ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು.

ಹೆಜ್ಜೆ 1: ಕೊಳ್ಳುವ ಮೊದಲು ಎಣಿಸಿ

ಮೊದಲ ವರ್ಷ ಒಂದು ದನವನ್ನೂ ಕೊಳ್ಳಬೇಡಿ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಳ್ಳಿ, ಸಾಕು. ಎಣಿಸಲು ಒಳ್ಳೆಯ ಸಮಯ ಪುತ್ತರಿ (ಹೊಸ ಕದಿರು ತರುವ ಕೊಡಗಿನ ಸುಗ್ಗಿ ಹಬ್ಬ) ಕಳೆದು ಕೊಯ್ಲು ಮುಗಿದ ಮೇಲೆ. ಆಗ ಊರಿನ ದನಗಳನ್ನೆಲ್ಲ ಕೊಯ್ದ ಗದ್ದೆಗೆ ಬಿಟ್ಟಿರುತ್ತಾರೆ. ಬದುವಿನ ಮೇಲೆ ನಿಂತರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ಮನೆಮನೆಗೆ ಹೋಗಬೇಕು. ಕೊಡವ ಕುಟುಂಬಗಳ ಮೂಲ ಮನೆಗಳಾದ ಐನ್‌ಮನೆಗಳಿಗಷ್ಟೇ ಹೋದರೆ ಸಾಲದು. ತೋಟದ ಕೆಲಸದವರ ಲೈನ್ ಮನೆ, ಯರವರ ಮತ್ತು ಕುರುಬರ ಹಾಡಿ, ಎಲ್ಲ ಕಡೆ ಹೋಗಿ. ನಮಗೆ ಸಿಕ್ಕ ಚೆನ್ನಾದ ಎರಡು ಕಡಸುಗಳು ಇದ್ದದ್ದು ಲೈನ್ ಮನೆ ಹಿಂದೆ.

ಊರಿನವರು ಮೊದಲು ಅನುಮಾನದಿಂದ ನೋಡುತ್ತಾರೆ. ಅರಣ್ಯ ಇಲಾಖೆಯವರಾ, ಸರ್ವೆಯವರಾ ಅಂತ. ಆಯಾ ಕೇರಿಯ ಗುರುತಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಹನ್ನೆರಡನೇ ಲೋಟದ ಹೊತ್ತಿಗೆ ಕಷ್ಟವಾಗುತ್ತದೆ, ಆದರೂ ಕುಡಿಯಿರಿ. ಮಾತು ಹೊರಡುವುದು ಅಲ್ಲೇ.

ಪ್ರತಿ ದನಕ್ಕೂ ಒಂದು ಪುಟ ಇಡಿ. ಯಾರ ಮನೆ, ಬಣ್ಣ, ವಯಸ್ಸು, ಎಷ್ಟು ಕರು ಹಾಕಿದೆ, ತಾಯಿ ಯಾರ ಮನೆಯದು, ಅಪ್ಪ ಯಾವ ಹೋರಿ. ಕೊನೆಯದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಆದರೂ ಕೇಳಿ. ಮನೆಯ ಅಜ್ಜಿಗೆ ಗೊತ್ತಿರುತ್ತದೆ. ಕಿವಿಯಲ್ಲಿ ಹಳದಿ ಓಲೆ ಇದ್ದರೆ ಅದರ 12 ಅಂಕಿಯ ಸಂಖ್ಯೆ ಬರೆದುಕೊಳ್ಳಿ. ಓಲೆ ಇಲ್ಲದಿದ್ದರೆ ಪಶು ಆಸ್ಪತ್ರೆಗೆ ಹೇಳಿ ಹಾಕಿಸಿ. ಲಸಿಕೆಗೂ ಪರಿಹಾರಕ್ಕೂ ಮುಂದೆ ಅದೇ ಗುರುತು.

ಹೆಜ್ಜೆ 2: ಯಾವುದು ಗಿಡ್ಡ, ಯಾವುದು ಬೆರಕೆ

ಸಣ್ಣ ದನವೆಲ್ಲ ಗಿಡ್ಡವಲ್ಲ. ಮೇವಿಲ್ಲದೆ ಕುಗ್ಗಿದ ಬೆರಕೆ ಹಸುವೂ ಸಣ್ಣದೇ ಕಾಣುತ್ತದೆ. ಬೆಳೆದ ಗಿಡ್ಡ ಹಸುವಿನ ಎತ್ತರ ಭುಜದ ಹತ್ತಿರ ಸುಮಾರು ಮೂರು ಅಡಿ. ಕಪ್ಪು ಬಣ್ಣ ಜಾಸ್ತಿ, ಕಂದು, ಬೂದು, ಬಿಳಿಯೂ ಉಂಟು. ಕೋಡು ಸಣ್ಣದು, ಕೆಚ್ಚಲು ಬಟ್ಟಲಿನಂತೆ ಪುಟ್ಟದು, ಕಾಲು ಸಪೂರ, ಗೊರಸು ಗಟ್ಟಿ. ಬಾಲ ಉದ್ದ. ಅಗಲ ಮೂತಿ, ಡುಬ್ಬವೇ ಇಲ್ಲದ ನೇರ ಬೆನ್ನು, ಜೋತಾಡುವ ದೊಡ್ಡ ಕೆಚ್ಚಲು ಕಂಡರೆ ಎಲ್ಲೋ ಜೆರ್ಸಿ ಸೇರಿದೆ ಅಂತಲೇ ಲೆಕ್ಕ.

ತಕ್ಕಡಿ ಇಲ್ಲದೆ ತೂಕ ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮೂಳೆಯಿಂದ ಪಿರ್ರೆಯ ಮೂಳೆಯವರೆಗೆ ಉದ್ದ ತೆಗೆಯಿರಿ. ಎರಡೂ ಇಂಚಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 46, ಉದ್ದ 38 ಆದರೆ ಸುಮಾರು 122 ಕೆ.ಜಿ. ಅಂದಾಜು ಲೆಕ್ಕ ಅಷ್ಟೇ. ಆದರೆ ಜಂತುಹುಳದ ಔಷಧಿಯ ಪ್ರಮಾಣ ಡಾಕ್ಟರಿಗೆ ಕೇಳುವಾಗ ಈ ಅಂಕಿ ಬೇಕಾಗುತ್ತದೆ. ದೊಡ್ಡ ಹಸುವಿನ ಲೆಕ್ಕದಲ್ಲಿ ಗಿಡ್ಡಕ್ಕೆ ಔಷಧಿ ಕುಡಿಸಬಾರದು.

ಅನುಮಾನ ಇರುವ ದನವನ್ನು ಪಟ್ಟಿಯಿಂದ ಹೊಡೆದು ಹಾಕಬೇಡಿ. ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿ. ಅದರ ಕರು ನೋಡಿದ ಮೇಲೆ ತೀರ್ಮಾನ ಮಾಡಿದರಾಯಿತು.

ಹೆಜ್ಜೆ 3: ಹೋರಿ

ಈ ಭಾಗ ಉದ್ದ ಇದೆ. ನಾವು ಎಡವಿದ್ದೇ ಇಲ್ಲಿ.

ಶುರುವಿನಲ್ಲಿ ನಮ್ಮ ಹತ್ತಿರ ಒಂದೇ ಹೋರಿ. ಕಪ್ಪು, ಒಳ್ಳೆ ಮೈಕಟ್ಟು, ಊರಿಗೆಲ್ಲ ಹೆಮ್ಮೆ. ಐದು ವರ್ಷ ಅದೇ ಹೋರಿ, ಅದೇ ಕೇರಿ. ಐದನೇ ವರ್ಷ ಅದರ ಹೆಣ್ಣುಕರುಗಳೇ ದೊಡ್ಡವಾಗಿ ಅದಕ್ಕೇ ಗಬ್ಬ ಕಟ್ಟಿದವು. ಒಂದು ಕರು ಹುಟ್ಟುತ್ತಲೇ ಸತ್ತಿತು. ಇನ್ನೊಂದು ಎದ್ದು ನಿಲ್ಲಲು ಎರಡು ದಿನ ತೆಗೆದುಕೊಂಡಿತು. ನಾವು ಮೇವಿನ ತಪ್ಪು ಅಂದುಕೊಂಡೆವು. ನೋಟ್‌ಬುಕ್ ತೆಗೆದು ನೋಡಿದಾಗ ಗೊತ್ತಾಯಿತು, ಎರಡಕ್ಕೂ ಅಪ್ಪನೂ ಅಜ್ಜನೂ ಒಬ್ಬನೇ.

ಒಂದು ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ತಳಿಶಾಸ್ತ್ರದವರು ಹಿಂಡಿನ ತಲೆ ಎಣಿಸಿ ಸುಮ್ಮನಾಗುವುದಿಲ್ಲ. ಹೋರಿಯ ಸಂಖ್ಯೆಯನ್ನು ಹಸುವಿನ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸುತ್ತಾರೆ. ಬರುವುದು ಹಿಂಡಿನ ನಿಜವಾದ ಬಲ. 30 ಹಸು, ಒಂದು ಹೋರಿ ಇದ್ದರೆ ಉತ್ತರ 3.9. ಅದೇ 100 ಹಸು, ಒಂದು ಹೋರಿ ಇದ್ದರೂ 4 ದಾಟುವುದಿಲ್ಲ! 30 ಹಸುವಿಗೆ 3 ಹೋರಿ ಇಟ್ಟರೆ ಹತ್ತಿರ 11. ಐದು ಇಟ್ಟರೆ 17. ಎಪ್ಪತ್ತು ಹಸು ಹೆಚ್ಚು ಸಾಕುವುದಕ್ಕಿಂತ ಎರಡು ಹೋರಿ ಹೆಚ್ಚು ಸಾಕುವುದು ಮೇಲು ಅಂತ ಆಯಿತು, ಅಲ್ವಾ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲೂ ಹೀಗೇ. ಒಂದು ತಳಿಯ ಹೋರಿ ಐದಕ್ಕೆ ಇಳಿದರೆ ಹಸು ಎಷ್ಟೇ ಇರಲಿ, ಆ ತಳಿ ಅತಿ ಅಪಾಯದ ಪಟ್ಟಿಗೆ ಸೇರುತ್ತದೆ.

ಇದನ್ನು ಊರಿನಲ್ಲಿ ಮಾಡುವ ಬಗೆ ಹೀಗೆ. ಊರನ್ನು ಮೂರು ಕೇರಿಗಳಾಗಿ ಹಂಚಿಕೊಳ್ಳಿ. ಕೇರಿಗೊಂದು ಹೋರಿ. ಮೇಲಿನ ಕೇರಿಯಲ್ಲಿ ಹುಟ್ಟಿದ ಹೋರಿ ಕರು ದೊಡ್ಡದಾದ ಮೇಲೆ ನಡುವಿನ ಕೇರಿಗೆ, ನಡುವಿನದು ಕೆಳಗಿನ ಕೇರಿಗೆ, ಕೆಳಗಿನದು ಮೇಲಿನ ಕೇರಿಗೆ. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಬೇಕು. ಒಂದು ಹೋರಿ ಒಂದು ಕೇರಿಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇರಬಾರದು. ಅಷ್ಟರಲ್ಲಿ ಅದರ ಮೊದಲ ಹೆಣ್ಣುಕರುಗಳು ಬೆದೆಗೆ ಬರುವ ವಯಸ್ಸಿಗೆ ಹತ್ತಿರವಾಗಿರುತ್ತವೆ. ಐದಾರು ವರ್ಷಕ್ಕೊಮ್ಮೆ ಪೂರ್ತಿ ಬೇರೆ ಊರಿನಿಂದ ಒಂದು ಹೋರಿ ತನ್ನಿ. ತರುವಾಗ ಪಶು ವೈದ್ಯರ ಪ್ರಮಾಣಪತ್ರ, ಮಾರಿದವರ ಬರಹ, ಕಿವಿಯೋಲೆ ಸಂಖ್ಯೆ ಕೈಯಲ್ಲಿರಲಿ. ದಾಖಲೆ ಇಲ್ಲದೆ ಗಾಡಿಯಲ್ಲಿ ದನ ಹಾಕಿಕೊಂಡು ಬಂದರೆ ದಾರಿಯಲ್ಲಿ ತೊಂದರೆ ತಪ್ಪುವುದಿಲ್ಲ. ಬಂದ ಮೇಲೆ ಮೂರು ವಾರ ಬೇರೆ ಕಟ್ಟಿ.

ಹೋರಿ ಕರು ಆರಿಸುವಾಗ ಚಂದ ನೋಡಿ ಮರುಳಾಗಬೇಡಿ. ತಾಯಿಯನ್ನು ನೋಡಿ. ವರ್ಷ ವರ್ಷ ಅಥವಾ ಒಂದೂವರೆ ವರ್ಷಕ್ಕೆ ಸರಿಯಾಗಿ ಕರು ಹಾಕಿದೆಯಾ, ಕೈ ಹಾಕದೆ ತಾನೇ ಕರು ಹಾಕುತ್ತದಾ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೂ ಮೈ ಇಳಿಯದೆ ಇರುತ್ತದಾ. ಸ್ವಭಾವವನ್ನೂ ನೋಡಿ. ಹಾಯುವ ಹೋರಿಯನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ. ಆರಿಸುವ ತನಕ ಯಾವ ಗಂಡು ಕರುವಿನ ಬೀಜವನ್ನೂ ಒಡೆಸಬೇಡಿ. ಆರಿಸಿದ ಮೇಲೆ ಉಳಿದವುಗಳದ್ದು, ಊರೂರು ಸುತ್ತುವ ಬೆರಕೆ ಹೋರಿಗಳದ್ದು ಒಡೆಸಲೇಬೇಕು. ಬೇಲಿ ಹಾರುವ ಒಂದು ಬೆರಕೆ ಹೋರಿ ನಿಮ್ಮ ಮೂರು ವರ್ಷದ ಕೆಲಸವನ್ನು ಒಂದು ರಾತ್ರಿಯಲ್ಲಿ ಹಾಳು ಮಾಡುತ್ತದೆ.

ಇನ್ನು ಇಂಜೆಕ್ಷನ್. ಗಿಡ್ಡ ಹೋರಿಯ ವೀರ್ಯ ಸಿಗುತ್ತದಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ. ಸಿಕ್ಕರೆ ಹೊಸ ರಕ್ತ ತರಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಸಿಗದಿದ್ದರೆ ಏನಾದರೂ ಇರಲಿ ಅಂತ ದೊಡ್ಡ ವಿದೇಶಿ ತಳಿ ಎಚ್‌ಎಫ್ ಹಾಕಿಸಬೇಡಿ. ತಳಿಯ ಮಾತು ಬಿಡಿ, 120 ಕೆ.ಜಿ. ಹಸುವಿನ ಹೊಟ್ಟೆಯಲ್ಲಿ ದೊಡ್ಡ ತಳಿಯ ಕರು ಬೆಳೆದರೆ ಹೆರಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹೀಗಾಗಿ ತಾಯಿ, ಕರು ಎರಡೂ ಹೋದವು.

ಹೆಜ್ಜೆ 4: ಆರೈಕೆ

ಇಲ್ಲಿ ಹೇಳುವುದು ಕಡಿಮೆ. ಗಿಡ್ಡಕ್ಕೆ ಜಾಸ್ತಿ ಉಪಚಾರ ಬೇಡ. ಕೊಟ್ಟಿಗೆ ಒಣಗಿರಲಿ, ಸೊಪ್ಪಿನ ಹಾಸು ಬದಲಾಗುತ್ತಿರಲಿ. ಕರುವಿಗೆ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಸಿಗಬೇಕು. ನಾಟಿ ದನಕ್ಕೆ ರೋಗ ಬರುವುದಿಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕಡಿಮೆ ಬರುತ್ತದೆ, ಬಂದರೂ ತಡೆದುಕೊಳ್ಳುತ್ತದೆ, ಅಷ್ಟೇ. ಕಾಲುಬಾಯಿ ರೋಗದ ಲಸಿಕೆ ಇಲಾಖೆ ಉಚಿತವಾಗಿ ಹಾಕುತ್ತದೆ. ಗಳಲೆ ರೋಗ, ಚಪ್ಪೆ ರೋಗದ್ದನ್ನು ಮಳೆ ಹಿಡಿಯುವ ಮೊದಲೇ ಹಾಕಿಸಿ. ಗಬ್ಬ ಬೀಳಿಸುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ.

ಪೊನ್ನಂಪೇಟೆ, ವಿರಾಜಪೇಟೆ ಕಡೆಯವರಿಗೆ ಹುಲಿಯ ಚಿಂತೆ. ಸಂಜೆ ಬೆಳಕಿರುವಾಗಲೇ ದನ ಕೊಟ್ಟಿಗೆಗೆ ಬರಲಿ. ಹುಲಿ ಹಿಡಿದರೆ ಸತ್ತ ದನವನ್ನು ಅಲ್ಲಿಂದ ಎಳೆಯಬೇಡಿ, ಹೂಳಬೇಡಿ. ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಕಿವಿಯೋಲೆ ಇದ್ದರೆ ಪರಿಹಾರದ ಅರ್ಜಿ ಸಲೀಸು.

ಹೆಜ್ಜೆ 5: ಮನೆಗಳ ಒಪ್ಪಂದ

ಹಸು ಎಲ್ಲರೂ ಸಾಕುತ್ತಾರೆ, ಹೋರಿ ಯಾರೂ ಸಾಕುವುದಿಲ್ಲ. ಹಾಲು ಕೊಡದ, ಉಳದ ಪ್ರಾಣಿಗೆ ಹುಲ್ಲು ಹಾಕುವುದು ಯಾರು? ಇದೇ ಪ್ರಶ್ನೆಗೆ ಗುಂಪು ಬೇಕಾಗುವುದು. ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಹೋರಿ ಸಾಕುವ ಮನೆಗೆ ಉಳಿದ ಮನೆಯವರು ವರ್ಷಕ್ಕೆ ಇಷ್ಟು ಹೊರೆ ಹುಲ್ಲು ಕೊಡಬೇಕು. ಹಸುವಿಗೆ ಹೋರಿ ಕೊಡಿಸಿದಾಗ ಒಂದು ಸಣ್ಣ ಮೊತ್ತ ಗುಂಪಿನ ಪೆಟ್ಟಿಗೆಗೆ ಹಾಕಬೇಕು. ಕಡಸು ಮಾರುವುದಾದರೆ ಮೊದಲು ಗುಂಪಿನವರಿಗೆ ಹೇಳಬೇಕು. ಮೂರೂ ಬರಹದಲ್ಲಿದೆ, ಎಲ್ಲರ ಸಹಿ ಇದೆ. ಬಾಯಿಮಾತಿನ ಒಪ್ಪಂದ ಮೊದಲ ಕಕ್ಕಡ (ಆಟಿ ತಿಂಗಳ) ಮಳೆಗೇ ಕರಗಿ ಹೋಗಿತ್ತು.

ಶುರುವಿನಲ್ಲಿ ಸಂಘ ನೋಂದಾಯಿಸುವ ಗಡಿಬಿಡಿ ಬೇಡ. ಐದಾರು ಮನೆ ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿ ನೋಡಲಿ. ಆಮೇಲೆ ಬೇಕೆನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು. ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲಿರಲಿ. ಕರು ಹಾಕಿದ ತಾರೀಖು ನೆನಪಿರುವುದು ಅವರಿಗೇ.

ಹೆಜ್ಜೆ 6: ಮೇಯುವ ನೆಲ

ಬಾಣೆ ಅಂದರೆ ಮೊದಲು ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಕೊಡಲು ಬಿಟ್ಟ ಜಾಗ. ಈಗ ಹೆಚ್ಚಿನದು ಕಾಫಿ. ಅದನ್ನು ಹಿಂದಕ್ಕೆ ತರುವುದು ನನ್ನಿಂದಾಗದು, ನಿಮ್ಮಿಂದಲೂ ಆಗದು. ಉಳಿದ ಚೂರುಗಳನ್ನು ನೋಡಿ. ಪಂಚಾಯಿತಿಯಲ್ಲಿ ಗೋಮಾಳದ ಸರ್ವೆ ನಂಬರ್ ಕೇಳಿ, ಪಹಣಿ ತೆಗೆಸಿ. 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಅಂತ ಕಂದಾಯ ನಿಯಮ ಹೇಳುತ್ತದೆ. ದನವೇ ಇಲ್ಲ, ಗೋಮಾಳ ಯಾಕೆ ಅಂತ ಯಾರಾದರೂ ಕೇಳಿದಾಗ ನೀವು ಮೊದಲ ವರ್ಷ ಬರೆದ ನೋಟ್‌ಬುಕ್ ಮೇಜಿನ ಮೇಲೆ ಇಡಿ.

ಲಂಟಾನ ತುಂಬಿದ ಜಾಗದಲ್ಲಿ ಹುಲ್ಲು ಬರುವುದಿಲ್ಲ. ಹಸಿವಿಗೆ ದನ ಅದನ್ನೇ ತಿಂದರೆ ವಿಷ. ಸುಮ್ನೆ ಮೇಲಿನಿಂದ ಸವರಿದರೆ ಇಮ್ಮಡಿ ಚಿಗುರುತ್ತದೆ. ಹೂವು ಕಾಯಾಗುವ ಮೊದಲು ಬುಡದ ಮಣ್ಣು ಬಿಡಿಸಿ, ನೆಲದ ಮಟ್ಟಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರನ್ನು ಕಡಿಯಿರಿ. ಕಿತ್ತ ಬುಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸಿ. ಮುಂದಿನ ಎರಡು ವರ್ಷ ಬೀಜದಿಂದ ಬಂದ ಸಸಿಗಳನ್ನು ಕೈಯಲ್ಲೇ ಕೀಳುತ್ತಿರಬೇಕು.

ದೇವರಕಾಡಿಗೆ ಮಾತ್ರ ದನ ಬಿಡಬೇಡಿ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ಒಟ್ಟು ಸುಮಾರು 2,550 ಹೆಕ್ಟೇರ್. ಲೆಕ್ಕ ಹಾಕಿದರೆ ಒಂದೊಂದು ಸರಾಸರಿ ಐದು ಎಕರೆ ಚಿಲ್ಲರೆ. ಅಷ್ಟು ಸಣ್ಣ ಕಾಡಿನಲ್ಲಿ ದನ ಮೇದರೆ ಸಸಿ ಏಳುವುದಿಲ್ಲ. ಕೆಳಗಿನ ಗದ್ದೆಗೆ ನೀರು ಒಸರುವುದು ಎಷ್ಟೋ ಕಡೆ ಅಲ್ಲಿಂದಲೇ. ನಿಮ್ಮ ಊರಿನ ದೇವರಕಾಡಿನ ಗಡಿ ದೇವಸ್ಥಾನದ ಮುಖ್ಯಸ್ಥರಾದ ತಕ್ಕರಿಗೂ ಅರಣ್ಯ ಇಲಾಖೆಗೂ ಒಂದೇ ರೀತಿ ಗೊತ್ತಿದೆಯಾ ನೋಡಿ. ಇಲ್ಲದಿದ್ದರೆ ಸರ್ವೆಗೆ ಅರ್ಜಿ ಹಾಕಿಸಿ. ಹಬ್ಬದ ದಿನ ಊರೆಲ್ಲ ಸೇರಿದಾಗ ಗಡಿ ಸುತ್ತಿ ಬಂದರೆ ಮಕ್ಕಳಿಗೂ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಹತ್ತಿರ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದನ್ನು ನೋಡಲು ಕೇಳಿ. ಕಾಡುಮರದ ಪಟ್ಟಿ ಇರುತ್ತದೆ, ಸಾಕುಪ್ರಾಣಿಯ ಪುಟ ಖಾಲಿ ಇರುವುದು ಸಾಮಾನ್ಯ. ನಿಮ್ಮ ಎಣಿಕೆಯನ್ನು ಅಲ್ಲಿ ಸೇರಿಸಲು ಬರಹದಲ್ಲಿ ಕೊಟ್ಟು, ಗ್ರಾಮಸಭೆಯ ನಡಾವಳಿಯಲ್ಲಿ ಬರುವಂತೆ ನೋಡಿಕೊಳ್ಳಿ.

ಹೆಜ್ಜೆ 7: ಗದ್ದೆ ಮತ್ತು ಹುಲ್ಲು

ಮಳೆಗಾಲದಲ್ಲಿ ದನ ಬದುಕುವುದು ಭತ್ತದ ಹುಲ್ಲಿನ ಮೇಲೆ. ಗಿಡ್ಡ ಜಾತಿಯ ಹೊಸ ಭತ್ತದಲ್ಲಿ ಹುಲ್ಲು ಕಡಿಮೆ. ಎತ್ತರ ಬೆಳೆಯುವ ಹಳೆಯ ಭತ್ತದಲ್ಲಿ ಜಾಸ್ತಿ. ಗಂಧಸಾಲೆಯಂಥ ಪರಿಮಳದ ಅಕ್ಕಿಯನ್ನು ಅರ್ಧ ಎಕರೆಯಲ್ಲಿ ಹಾಕಿದರೂ ಪಾಯಸಕ್ಕೆ ಅಕ್ಕಿ, ದನಕ್ಕೆ ಹುಲ್ಲು ಎರಡೂ ಆಯಿತು. ಪೂರ್ತಿ ಗದ್ದೆ ಮಾಡಲು ಆಳು ಇಲ್ಲ ಅನ್ನುವವರು ಅಷ್ಟನ್ನಾದರೂ ಮಾಡಲಿ. ಪುತ್ತರಿಯ ರಾತ್ರಿ ಕದಿರಿಗೆ ಪಕ್ಕದವರ ಗದ್ದೆ ಹುಡುಕುವುದು ತಪ್ಪುತ್ತದೆ.

ಬೀಜ ಉಳಿಸುವುದು ಕಷ್ಟವಲ್ಲ. ಭತ್ತ ತನ್ನಲ್ಲೇ ಪರಾಗಸ್ಪರ್ಶವಾಗುವ ಬೆಳೆ, ಬೇರೆ ಭತ್ತದಿಂದ ಮೂರು ಮೀಟರ್ ಅಂತರ ಸಾಕು. ತೆಂಡೆ ಒಡೆಯುವಾಗ, ಹೂ ಬಿಟ್ಟಾಗ, ಕೊಯ್ಲಿನ ಮೊದಲು ಹೀಗೆ ಮೂರು ಸಲ ಗದ್ದೆಗೆ ಇಳಿದು ಬೇರೆ ಜಾತಿಯ ಗಿಡ ಕಿತ್ತು ಹಾಕಿ. ಬೀಜಕ್ಕೆ ಗದ್ದೆಯ ನಡುವಿನ ತೆನೆ ತೆಗೆಯಿರಿ. ನಮ್ಮಲ್ಲಿ ಬೀಜಕ್ಕೆ ಶತ್ರು ಹುಳಕ್ಕಿಂತ ತೇವ. ಹಲ್ಲಲ್ಲಿ ಕಚ್ಚಿದರೆ ಕಟಕ್ ಅನ್ನುವ ತನಕ ಒಣಗಿಸಿ, ಲಕ್ಕಿ ಸೊಪ್ಪು ಹಾಕಿ, ಗಾಳಿಯಾಡದ ಡಬ್ಬದಲ್ಲಿ ಇಡಿ. ಇನ್ನೊಂದು ಪಾಲನ್ನು ಬೇರೆ ಮನೆಯ ಪತ್ತಾಯದಲ್ಲಿ (ಕಣಜದಲ್ಲಿ) ಇಡಿ. ಒಂದೇ ಕಡೆ ಇಟ್ಟು ಕಳೆದುಕೊಂಡವರು 2018ರ ಆಗಸ್ಟ್ ತಿಂಗಳ ಮಳೆ, ಭೂಕುಸಿತದ ನಂತರ ನಮ್ಮ ಕಡೆ ಎಷ್ಟೋ ಜನ. ಊರಿಗೇ ವಿಶೇಷವಾದ ಭತ್ತ ಇದ್ದರೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರೈತರು ಶುಲ್ಕವಿಲ್ಲದೆ ನೋಂದಾಯಿಸಬಹುದು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಜೇನು, ಕೋಳಿ, ಹಂದಿ

ತುಡುವೆ ಜೇನೂ ನಮ್ಮ ತಳಿಯೇ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಖಾಲಿಯಾದವು. ಹಾಗಾಗಿ ದೂರದಿಂದ ಕುಟುಂಬ ಕೊಂಡು ತರಬೇಡಿ. ನಿಮ್ಮ ಕಾಡಿನ ಪೊಟರೆಯಿಂದಲೇ ಹಿಡಿಯಿರಿ. ಮರಿಹುಳು ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಆ ಪೆಟ್ಟಿಗೆಯನ್ನು ದೂರ ಇಡಿ, ಅದರ ಎರಿಯನ್ನು ಬೇರೆಯದಕ್ಕೆ ಹಾಕಬೇಡಿ. ನಾಟಿ ಕೋಳಿಗೆ ಹೋರಿಯ ನಿಯಮವೇ: ಎಂಟು ಹತ್ತು ಹೇಂಟೆಗೆ ಒಂದು ಹುಂಜ, ವರ್ಷಕ್ಕೊಮ್ಮೆ ಪಕ್ಕದ ಕೇರಿಯವರ ಜೊತೆ ಅದಲುಬದಲು. ಊರ ಕಪ್ಪು ಹಂದಿ ಸಾಕುವವರು ಹೋಟೆಲಿನ ಎಂಜಲನ್ನು ಬೇಯಿಸದೆ ಹಾಕಬೇಡಿ. ಆಫ್ರಿಕನ್ ಹಂದಿ ಜ್ವರ ಬರುವ ದಾರಿಗಳಲ್ಲಿ ಅದೂ ಒಂದು.

ಹೆಜ್ಜೆ 8: ದುಡ್ಡು

ಗಿಡ್ಡ ಹಸು ದಿನಕ್ಕೆ ಕೊಡುವುದು ಒಂದೆರಡು ಲೀಟರ್ ಹಾಲು. ಡೈರಿಗೆ ಹಾಕಿ ಲಾಭ ನೋಡುವವರು ಈ ಕೆಲಸಕ್ಕೆ ಬರಬೇಡಿ. ಲಾಭ ಇರುವುದು ಕೊಟ್ಟಿಗೆ ಗೊಬ್ಬರದಲ್ಲಿ. ಕಾಫಿಗೂ ಕರಿಮೆಣಸಿಗೂ ಹೊರಗಿನಿಂದ ಲಾರಿ ಗೊಬ್ಬರ ತರಿಸುವವರು ಒಂದು ವರ್ಷದ ಬಿಲ್ ತೆಗೆದು ನೋಡಲಿ. ಹಿಂಡಿ ಕೊಳ್ಳದೆ ಸಾಕುವ ಐದು ಗಿಡ್ಡ ದನದ ಖರ್ಚನ್ನು ಪಕ್ಕದಲ್ಲಿ ಬರೆಯಲಿ. ನಮ್ಮ ಗುಂಪಿಗೆ ಸೇರಿದ ಕೊನೆಯ ನಾಲ್ಕು ಮನೆಯವರು ಬಂದದ್ದು ತಳಿಯ ಮೇಲಿನ ಪ್ರೀತಿಗಲ್ಲ, ಈ ಲೆಕ್ಕ ನೋಡಿ. ಅದರಲ್ಲಿ ತಪ್ಪೇನೂ ಇಲ್ಲ. ತುಪ್ಪ ಮಾರುವುದಾದರೆ ಗುರುತಿನ ಹತ್ತು ಮನೆಗೆ ಮಾರಿ. ದೊಡ್ಡ ಹೆಸರಿಟ್ಟು ಲೇಬಲ್ ಹಚ್ಚಿದರೆ ಬೇಡಿಕೆಗೆ ತಕ್ಕ ತುಪ್ಪ ಹೊಂದಿಸಲಾಗದೆ ಒದ್ದಾಡುತ್ತೀರಿ.

ವರ್ಷದ ಕೆಲಸ

ನಮ್ಮಲ್ಲಿ ಕೊಟ್ಟಿಗೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದೇವೆ. ಏಪ್ರಿಲ್, ಮೇ: ಲಸಿಕೆ, ಜಂತುಹುಳದ ಔಷಧಿ, ಕೊಟ್ಟಿಗೆಯ ಸೋರುವ ಹೆಂಚು. ಕಕ್ಕಡದಲ್ಲಿ ಯಾರ ಮನೆಯಲ್ಲಿ ಹುಲ್ಲು ಮುಗಿಯುತ್ತಾ ಬಂತು ಅಂತ ವಿಚಾರಿಸುವುದು. ಸೆಪ್ಟೆಂಬರಿನ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ ಲಂಟಾನ ಕೀಳುವುದು. ತುಲಾ ಸಂಕ್ರಮಣದ ಹೊತ್ತಿಗೆ ಹೋರಿ ಕರುಗಳ ಆಯ್ಕೆ, ಮೂರು ವರ್ಷ ತುಂಬಿದ ಹೋರಿಗಳ ಕೇರಿ ಬದಲು. ಪುತ್ತರಿ ಆದ ಮೇಲೆ ಮತ್ತೆ ನೋಟ್‌ಬುಕ್ ಹಿಡಿದು ಬದುವಿನ ಮೇಲೆ. ಹೊಸ ಕರುವಿನ ಪುಟ ತೆರೆಯುವಾಗ ಅಪ್ಪ ಯಾರು ಅನ್ನುವ ಸಾಲನ್ನು ಮೊದಲು ತುಂಬಿಸಿ. ಬಣ್ಣ, ಅಳತೆ ನಾಳೆ ಬರೆದರೂ ನಡೆಯುತ್ತದೆ.